ದುಬೈ ಸಿಟಿ ಟೂರ್‌ಗೆ ಹಣ ಕಟ್ಟುವ ಮೊದಲು ಇದನ್ನು ಓದಿ

ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ದಸರಾ ರಜೆಯ ದುಬೈ ಪ್ಯಾಕೇಜ್ ಎಂದು ಮತ್ತೆ ಅದೇ ಪೋಸ್ಟರ್ ಓಡಾಡುತ್ತಿದೆ. ಅದೇ ಬುರ್ಜ್ ಖಲೀಫಾ ಚಿತ್ರ, ಅದೇ ಮೊಬೈಲ್ ನಂಬರ್. ಅದನ್ನು ನಂಬಿ ದುಬೈಗೆ ಹೋಗಿ ಮೋಸಹೋದ ನನಗೆ ನೋಡಿದ ಕೂಡಲೇ ಮೈ ಉರಿಯಿತು. ದೂರು ಗ್ರಾಹಕರ ಆಯೋಗದಲ್ಲಿ ಇರುವುದರಿಂದ ಏಜೆನ್ಸಿಯ ಹೆಸರು ಬರೆಯುತ್ತಿಲ್ಲ. ಆದರೆ ಹಣ ತಿಂದವರು ಹೊರಗಿನವರಲ್ಲ, ನಮ್ಮ ಊರಿನವರೇ. ಸಂಕಟ ಇರುವುದೇ ಅಲ್ಲಿ.

ನಾನು ಮತ್ತು ನನ್ನ ಬೀದರಿನ ಗೆಳತಿ, ಇಬ್ಬರೂ ಶಿಕ್ಷಕಿಯರು. "ಅಕ್ಕಾ, ನೀವು ಬ್ಯಾಗ್ ಹಿಡಿದುಕೊಂಡು ಶಂಷಾಬಾದ್ ಏರ್‌ಪೋರ್ಟಿಗೆ ಹೋದರೆ ಸಾಕು, ಉಳಿದದ್ದೆಲ್ಲ ನಮ್ಮ ಜವಾಬ್ದಾರಿ" ಎಂದು ಮಾಲೀಕ ಹೇಳಿದ್ದ. ವೀಸಾ, ವಿಮಾನ, ಹೋಟೆಲ್ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ನಗರ ತೋರಿಸುವ ಆ ಒಂದು ದಿನದ ಬಗ್ಗೆ. ಏಜೆನ್ಸಿಯ ಮುದ್ರೆ ಹೊಡೆದು ಕೊಟ್ಟ ಕಾಗದದಲ್ಲಿ ಅಲ್ ಫಹೀದಿ ಕೋಟೆ, ಕ್ರೀಕ್‌ನಲ್ಲಿ (ನಗರದ ನಡುವೆ ಹಾಯುವ ಸಮುದ್ರದ ಹಿನ್ನೀರು) ದೋಣಿ, ಬುರ್ಜ್ ಖಲೀಫಾ 124ನೇ ಮಹಡಿ, ಎಲ್ಲ ಟಿಕೆಟ್ ಸೇರಿ ಎಂದು ಸ್ಪಷ್ಟವಾಗಿ ಬರೆದಿದೆ.

ಬೀದರ್ ಕೋಟೆಯ ಪಕ್ಕದಲ್ಲೇ ಬೆಳೆದ ಗೆಳತಿಗೆ ಆ ಫಹೀದಿ ಕೋಟೆಯನ್ನು ನೋಡುವ ಆಸೆಯಿತ್ತು. 1787ರ ಸುಮಾರಿನದು, ದುಬೈಯಲ್ಲಿ ಉಳಿದಿರುವ ಅತ್ಯಂತ ಹಳೆಯ ಕಟ್ಟಡ. ಚಾಲಕ ವ್ಯಾನಿನ ವೇಗವನ್ನೂ ಇಳಿಸಲಿಲ್ಲ. "ಪಾರ್ಕಿಂಗ್ ಸಿಗುವುದಿಲ್ಲ" ಎಂದ. ಆಮೇಲೆ ಒಂದು ಅತ್ತರಿನ ಅಂಗಡಿಯ ಮುಂದೆ ಮಾತ್ರ ಪಾರ್ಕಿಂಗ್ ಸಿಕ್ಕಿತು! ಅಲ್ಲಿ ಒಂದೂವರೆ ಗಂಟೆ ಕೂರಿಸಿದ. ನಾವು ಏನೂ ಕೊಳ್ಳದೆ ಹೊರಬಂದಾಗ ಮುಖ ಗಂಟಿಕ್ಕಿಕೊಂಡ.

ದೋಣಿಗೆ ಬೇರೆ ಹಣ ಎಂದು ತಲಾ 25 ದಿರ್ಹಂ ಮೊದಲೇ ಕಿತ್ತುಕೊಂಡಿದ್ದ. ಕ್ರೀಕ್‌ನ ಈ ದಡದ ಬರ್ ದುಬೈನಿಂದ ಆ ದಡದ ದೇರಾಕ್ಕೆ ಹೋಗುವ ಮರದ ದೋಣಿ, ಅಬ್ರಾ. ನಡುವಿನ ಹಲಗೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ನಮ್ಮ ಕನ್ನಡ ಕೇಳಿ ಪಕ್ಕದವರು ಮಾತಿಗೆ ಇಳಿದರು. ಹುಮನಾಬಾದಿನವರಂತೆ, ದೇರಾದಲ್ಲಿ ಕೆಲಸ. ದೋಣಿಯವನು ಕೈಚಾಚಿದಾಗ ಅವರು ಕಾಫಿ ಹೂಜಿಯ ಚಿತ್ರವಿರುವ ಒಂದು ನಾಣ್ಯವನ್ನು ಅವನ ಅಂಗೈಗೆ ಹಾಕಿದರು. ಒಂದು ದಿರ್ಹಂ. ಅಷ್ಟೇ. ನಾವು ಕೊಟ್ಟದ್ದನ್ನು ಹೇಳಿದಾಗ, "ಅಕ್ಕಾವರೇ, ಇದಕ್ಕೆ ಎಲ್ಲರಿಗೂ ಒಂದೇ ದಿರ್ಹಂ. ಯಾರು ತೆಗೆದುಕೊಂಡರು ನಿಮ್ಮ ಹತ್ತಿರ?" ಎಂದು ಅವರೇ ಸಿಟ್ಟಾದರು. ನನ್ನ ಗಂಟಲು ಕಟ್ಟಿತು.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆವು. ಸಂಜೆ ಬುರ್ಜ್ ಖಲೀಫಾ ಕೆಳಗೆ ವ್ಯಾನ್ ನಿಲ್ಲಿಸಿ, "ಅರ್ಧ ಗಂಟೆ ಇದೆ, ಫೋಟೊ ತೆಗೆದುಕೊಳ್ಳಿ" ಎಂದ. ಟಿಕೆಟ್ ಎಲ್ಲಿ ಎಂದರೆ, "ನನಗೆ ಗೊತ್ತಿಲ್ಲ, ನಿಮ್ಮ ಏಜೆಂಟರನ್ನು ಕೇಳಿ." ದುಬೈ ಮಾಲ್‌ನ ಕೆಳ ಅಂತಸ್ತಿನಲ್ಲಿರುವ ಕೌಂಟರಿಗೆ ಓಡಿದೆವು. ಅಲ್ಲಿನ ಹುಡುಗಿ ನಮ್ಮ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬಾರ್‌ಕೋಡ್ ಎಲ್ಲಿ, ಬುಕಿಂಗ್ ನಂಬರ್ ಯಾವುದು ಎಂದು ಕೇಳಿದಳು. ಎರಡೂ ಇರಲಿಲ್ಲ. ಪಾಸ್‌ಪೋರ್ಟಿನ ಹೆಸರು ಹಾಕಿ ಹುಡುಕಿದಳು, ಅದೂ ಇರಲಿಲ್ಲ. ಹಿಂದೆ ಸಾಲಿನಲ್ಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಟಿಕೆಟ್ ಇಲ್ಲದೆ ಒಳಗೆ ನುಗ್ಗಲು ಬಂದವರು ಎಂದುಕೊಂಡರೋ ಏನೋ. ಆ ಅವಮಾನ ಈಗಲೂ ಮರೆಯಲು ಆಗುತ್ತಿಲ್ಲ. ಸೂರ್ಯಾಸ್ತದ ಹೊತ್ತಿನ ಟಿಕೆಟ್ ಬೆಲೆಯೂ ಹೆಚ್ಚು. ನಮ್ಮ ಬಳಿ ಅಷ್ಟು ದಿರ್ಹಂ ಉಳಿದಿರಲಿಲ್ಲ.

ಅಲ್ಲಿಂದಲೇ ಏಜೆಂಟನಿಗೆ ಕರೆ ಮಾಡಿದೆವು. ಮೊದಲು ಎತ್ತಲಿಲ್ಲ. ಆಮೇಲೆ "ಮೀಟಿಂಗ್‌ನಲ್ಲಿದ್ದೇನೆ" ಎಂಬ ಸಂದೇಶ. ಆಮೇಲೆ "ಅಲ್ಲಿಯ ಕಂಪನಿಯವರ ತಪ್ಪು." ಆಮೇಲೆ ಏನೂ ಇಲ್ಲ, ಬರೀ ನೀಲಿ ಗುರುತು.

ಊರಿಗೆ ಬಂದವರೇ ನೇರ ಅವನ ಕಚೇರಿಗೆ ಹೋದೆವು. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ: "ಹೊರಗಿನಿಂದ ನೋಡಿದಿರಲ್ಲ ಅಕ್ಕಾ, ನೋಡಿದ ಹಾಗೆಯೇ ಆಯಿತಲ್ಲ?" 828 ಮೀಟರ್ ಎತ್ತರದ ಕಟ್ಟಡ ರಸ್ತೆಯಲ್ಲಿ ಹೋಗುವವರಿಗೆಲ್ಲ ಹೊರಗಿನಿಂದ ಕಾಣುತ್ತದೆ, ಅದಕ್ಕೆ ನಿಮಗೇಕೆ ಹಣ ಕೊಡಬೇಕು ಎಂದು ಗೆಳತಿ ಕೇಳಿದಳು. "ಆಫರ್ ರೇಟಿನಲ್ಲಿ ಮೇಲೆ ಹೋಗುವುದು ಬರುವುದಿಲ್ಲ" ಎಂದ. ಅವನದೇ ಮುದ್ರೆಯ ಕಾಗದವನ್ನು ಮೇಜಿನ ಮೇಲೆ ಇಟ್ಟೆ. ಓದಲಿಲ್ಲ. "ಎಲ್ಲರೂ ಖುಷಿಯಿಂದ ಬರುತ್ತಾರೆ, ನಿಮ್ಮದೊಂದೇ ದೂರು. ಚಹಾ ಕುಡಿಯಿರಿ, ಮುಂದಿನ ಪ್ರವಾಸಕ್ಕೆ ಡಿಸ್ಕೌಂಟ್ ಕೊಡೋಣ" ಎಂದ. ಮುಂದಿನ ಪ್ರವಾಸವಂತೆ! ಚಹಾ ಮುಟ್ಟದೆ ಎದ್ದು ಬಂದೆವು.

ಇನ್ನೊಂದು ಮಾತು. ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರು ಟಿಸಿಎಸ್ (ಮಾರುವಾಗಲೇ ಸಂಗ್ರಹಿಸುವ ಆದಾಯ ತೆರಿಗೆ) ಹಿಡಿದು ನಮ್ಮ ಪ್ಯಾನ್‌ಗೆ ಜಮಾ ಮಾಡಬೇಕು. ಟ್ಯಾಕ್ಸ್ ಎಂದು ನಮ್ಮಿಂದ ಹಣವನ್ನೇನೋ ತೆಗೆದುಕೊಂಡ. ನಮ್ಮ ಪ್ಯಾನ್‌ಗೆ ಜಮಾ ಆದ ತೆರಿಗೆ ತೋರಿಸುವ ಫಾರ್ಮ್ 26ಎಎಸ್ ತೆಗೆದು ನೋಡಿದರೆ ಇಂದಿಗೂ ಒಂದು ರೂಪಾಯಿ ಕಾಣುತ್ತಿಲ್ಲ. ಅದೇ ಏಜೆನ್ಸಿಯಿಂದ ಹೋಗಿ ಬಂದವರು ದಯವಿಟ್ಟು ನಿಮ್ಮದನ್ನೂ ಒಮ್ಮೆ ತೆರೆದು ನೋಡಿ.

ನಿಮಗೂ ಹೀಗಾಗಿದ್ದರೆ ಸುಮ್ಮನೆ ಕೂರಬೇಡಿ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ನಾವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೇ. ಈ ದಸರೆಗೆ ಈಗಾಗಲೇ ಮುಂಗಡ ಕೊಟ್ಟವರು ಬುರ್ಜ್ ಖಲೀಫಾ ಟಿಕೆಟನ್ನು ದಿನಾಂಕ, ಸಮಯ, ಬಾರ್‌ಕೋಡ್ ಸಮೇತ ಕೈಗೆ ಕೊಡುವವರೆಗೆ ಬಾಕಿ ಹಣ ಕೊಡಬೇಡಿ. "ಅಲ್ಲಿಗೆ ಹೋದ ಮೇಲೆ ಸಿಗುತ್ತದೆ ಅಕ್ಕಾ" ಎಂದು ಹೇಳುತ್ತಾನೆ. ನಮಗೂ ಅದನ್ನೇ ಹೇಳಿದ್ದ.