ದೀಪದ ಕೆಳಗಿನ ಮೆಣಸಿನ ಗಿಡ: ಕುಡಿ ಚಿವುಟುವುದೋ, ಬಗ್ಗಿಸಿ ಕಟ್ಟುವುದೋ?

ಬಯಲಲ್ಲಿ ಬೆಳೆಯುವ ಗಿಡ ಒಂದಡಿ ಎತ್ತರ ಹೋದರೂ ಮೂರಡಿ ಹೋದರೂ ಬಿಸಿಲಿನ ಕಸುವು ಒಂದೇ. ಮನೆಯೊಳಗೆ ಹಾಗಿಲ್ಲ. ಎಲ್‌ಇಡಿ ದೀಪದಿಂದ ಗೇಣು ಕೆಳಗಿಳಿದರೂ ಬೆಳಕು ಗಣನೀಯವಾಗಿ ತಗ್ಗುತ್ತದೆ. ನೆತ್ತಿಯ ಎಲೆ ಬೆಳಕು ಹೆಚ್ಚಾಗಿ ಬಿಳಚಿಕೊಳ್ಳುವಾಗಲೇ ಬುಡದ ಕವಲು ಬೆಳಕಿಲ್ಲದೆ ಸೊರಗುವುದೂ ಉಂಟು. ಹಾಗಾಗಿ ಒಳಾಂಗಣದಲ್ಲಿ ಗಿಡದ ಆಕಾರವೇ ಇಳುವರಿಯನ್ನು ನಿರ್ಧರಿಸುತ್ತದೆ. ಆ ಆಕಾರ ತರಲು ಯಾವ ದಾರಿ ಒಳ್ಳೆಯದು ಎಂದು ನೋಡಲು ಒಂದೇ ಹಣ್ಣಿನ ಬೀಜದಿಂದ ಎದ್ದ ಸಸಿಗಳನ್ನು ಒಂದೇ ಅಳತೆಯ ಕುಂಡಗಳಲ್ಲಿ, ಒಂದೇ ಮಣ್ಣಿನಲ್ಲಿ, ಒಂದೇ ದೀಪದಡಿ ಇಟ್ಟು ಬೇರೆ ಬೇರೆ ರೀತಿ ಸವರಿ ಬೆಳೆಸಿದೆ. ನನ್ನ ಮತ ಮೊದಲೇ ಹೇಳಿಬಿಡುತ್ತೇನೆ: ಮೆಣಸಿನಕಾಯಿ ಗಿಡದ ಮಟ್ಟಿಗೆ ಕತ್ತರಿಗಿಂತ ದಾರ ಮೇಲು.

ಬೆಳಕಿನ ಲೆಕ್ಕ ಹೀಗಿತ್ತು. ಬಿಳಿ ಎಲ್‌ಇಡಿ, ದಿನಕ್ಕೆ 16 ಗಂಟೆ, ಕುಡಿಯ ಮಟ್ಟದಲ್ಲಿ ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 300 ಮೈಕ್ರೋಮೋಲ್ (ಗಿಡಕ್ಕೆ ಬೀಳುವ ಬೆಳಕಿನ ಕಣಗಳನ್ನು ಎಣಿಸುವ ಅಳತೆ). ದಿನದ ಒಟ್ಟು ಲೆಕ್ಕ ಹಾಕಿದರೆ ಚದರ ಮೀಟರಿಗೆ 17 ಮೋಲ್ ಆಸುಪಾಸು. ಮೆಣಸು ತೃಪ್ತಿಯಾಗಿ ಕಾಯಿ ಬಿಡಲು ಅಷ್ಟು ಸಾಕು. ಹಗಲಿನ ಉದ್ದ ಕಡಿಮೆಯಾಗುವವರೆಗೆ ಹೂವಿಗೆ ಕಾಯುವ ಜಾತಿ ಇದಲ್ಲ. ದೀಪದ ವೇಳೆ ಬದಲಿಸುವ ಗೋಜಿಲ್ಲದೆ ಸವರುವ ಹೊತ್ತನ್ನು ಗಿಡದ ಬೆಳವಣಿಗೆ ನೋಡಿಯೇ ಗೊತ್ತುಮಾಡಬಹುದು.

ಏನೂ ಮಾಡದೆ ಬಿಟ್ಟ ಗಿಡದಿಂದ ಶುರುಮಾಡೋಣ. ಮೆಣಸಿಗೆ ತನ್ನದೇ ಒಂದು ಕ್ರಮವಿದೆ: ಒಂಟಿ ಕಾಂಡವಾಗಿ ಒಂದಷ್ಟು ಗಿಣ್ಣು ಬೆಳೆದು, ತುದಿಯಲ್ಲಿ ಮೊದಲ ಮೊಗ್ಗು ಕಟ್ಟಿ, ಅಲ್ಲಿಂದ ತಾನಾಗಿ ಎರಡಾಗಿ ಕವಲೊಡೆಯುತ್ತದೆ. ಆ ಕವಲುಗಳೂ ಹಾಗೆಯೇ ಎರಡೆರಡಾಗುತ್ತಾ ಹೋಗುತ್ತವೆ. ಪ್ರತಿ ಕವಲಿನ ಸಂದಿಯಲ್ಲೂ ಹೂವು. ಹೀಗಾಗಿ ಮುಟ್ಟದೆ ಬಿಟ್ಟ ಗಿಡವೇ ಎಲ್ಲಕ್ಕಿಂತ ಮೊದಲು ಕಾಯಿ ಕೊಟ್ಟಿತು. ಆದರೆ ಅದರ ನೆತ್ತಿ ದೀಪವನ್ನು ಮುಟ್ಟಲು ಹೊರಟಾಗ ದೀಪ ಮೇಲೆತ್ತಬೇಕಾಯಿತು, ಎತ್ತಿದ್ದೇ ತಡ, ಕೆಳಗಿನ ಕವಲುಗಳ ಮೊಗ್ಗು ಉದುರತೊಡಗಿದವು. ಕೊನೆಗೆ ಕಾಯಿ ಕಂಡದ್ದು ಮೇಲಿನ ಅರ್ಧದಲ್ಲಿ ಮಾತ್ರ.

ಕುಡಿ ಚಿವುಟುವುದು ಹಳೆಯ ವಿದ್ಯೆ. ಅದರ ಹಿಂದಿನ ವಿಜ್ಞಾನವೂ ಸೊಗಸಾದದ್ದು. ತುದಿಕುಡಿಯಲ್ಲಿ ಹುಟ್ಟಿ ಕೆಳಗಿಳಿಯುವ ಆಕ್ಸಿನ್ ಎಂಬ ರಸ ಎಲೆಕಂಕುಳಿನ ಮೊಗ್ಗುಗಳನ್ನು ಮಲಗಿಸಿಡುತ್ತದೆ ಎಂಬುದನ್ನು ಥೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1933ರಲ್ಲಿ ತೋರಿಸಿದರು. ಕವಲೊಡೆಯುವುದನ್ನು ತಡೆಯುವ ಸ್ಟ್ರೈಗೋಲ್ಯಾಕ್ಟೋನ್ ಎಂಬ ಇನ್ನೊಂದು ಬಗೆಯ ಸಸ್ಯರಸಗಳ ಪಾತ್ರ 2008ರಲ್ಲಿ ಬೆಳಕಿಗೆ ಬಂತು. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಬಟಾಣಿಯ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಕೆಲಸ: ಕುಡಿ ಹೋದೊಡನೆ ಅದು ಎಳೆದುಕೊಳ್ಳುತ್ತಿದ್ದ ಸಕ್ಕರೆ ಪಕ್ಕದ ಮೊಗ್ಗುಗಳತ್ತ ಹರಿಯುತ್ತದೆ, ಅವು ಏಳಲು ಮೊದಲ ಕುಮ್ಮಕ್ಕು ಅದೇ. ಇದರ ಅರ್ಥ ಕುಂಡದಲ್ಲೇ ಕಾಣುತ್ತದೆ. ದೀಪದ ನಡುವಿನ ಸಸಿಯನ್ನು ಚಿವುಟಿದಾಗ ನಾಲ್ಕೈದು ಗಟ್ಟಿ ಚಿಗುರು ಒಟ್ಟಿಗೇ ಎದ್ದವು. ಮೂಲೆಯಲ್ಲಿದ್ದ ಸಸಿಯಲ್ಲಿ ಎದ್ದದ್ದು ಎರಡೇ, ಅವೂ ನೂಲಿನಂಥವು. ಬೆಳಕು ಕಡಿಮೆಯಿದ್ದಲ್ಲಿ ಹಂಚಿಕೊಳ್ಳಲು ಸಕ್ಕರೆಯೇ ಇರುವುದಿಲ್ಲ. ಗಿಡ ಸೊರಗಿದೆ ಎಂದು ಚಿವುಟುವವರು ಮೊದಲು ದೀಪ ಸರಿಮಾಡಿಕೊಳ್ಳಲಿ.

ಚಿವುಟುವುದಾದರೆ ಆರೇಳು ನಿಜ ಎಲೆ (ಮೊದಲ ಬೀಜದೆಲೆಗಳನ್ನು ಬಿಟ್ಟು) ಬಿಚ್ಚಿಕೊಂಡಾಗ, ನಾಲ್ಕನೆಯ ಇಲ್ಲವೇ ಐದನೆಯ ಗಿಣ್ಣಿನ ಮೇಲೆ, ಉಗುರಿನಿಂದಲೇ. ಮೊದಲ ಮೊಗ್ಗು ಕಾಣಿಸಿ ಗಿಡ ಕವಲೊಡೆದ ಮೇಲೆ ಚಿವುಟಿದರೆ ಅದು ತಾನೇ ಮಾಡಿದ ಕೆಲಸವನ್ನು ಕೆಡಿಸಿದಂತೆ. ಕಾಲಕ್ಕೆ ಸರಿಯಾಗಿ ಚಿವುಟಿದರೂ ಹೂವು ಎರಡು ಮೂರು ವಾರ ಹಿಂದೆ ಬೀಳುತ್ತದೆ. ಇದು ಸಣ್ಣ ಬೆಲೆಯಲ್ಲ, ಏಕೆಂದರೆ ಹೂವಿನಿಂದ ಹಸಿಕಾಯಿಗೆ ಬರಲು ಮತ್ತೆ ತಿಂಗಳಿಗೂ ಮಿಕ್ಕಿ ಬೇಕು. ಇನ್ನೊಂದು ಅಪಾಯವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು: ತಂಬಾಕಿನ ಮೊಸಾಯಿಕ್ ನಂಜು (ವೈರಸ್) ಕೈಯಿಂದ, ಕತ್ತರಿಯಿಂದ ಗಿಡದಿಂದ ಗಿಡಕ್ಕೆ ದಾಟುತ್ತದೆ, ಮೆಣಸಿಗೂ ತಗಲುತ್ತದೆ. ಬೀಡಿ, ಸಿಗರೇಟು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಗಿಡದ ಹತ್ತಿರ ಹೋಗಕೂಡದು.

ಬಗ್ಗಿಸಿ ಕಟ್ಟುವುದರಲ್ಲಿ ಒಂದೆಲೆಯೂ ಕಳೆದುಹೋಗುವುದಿಲ್ಲ, ನನಗೆ ಅದು ಹಿಡಿಸಿದ್ದೇ ಅದಕ್ಕೆ. ಕಾಂಡ ಇನ್ನೂ ಹಸಿರಾಗಿ, ಬೆರಳಿಗೆ ಬಳುಕುವಂತಿರುವಾಗ ಮೆತ್ತನೆಯ ಹತ್ತಿಬಟ್ಟೆಯ ಪಟ್ಟಿಯಿಂದ ಕುಂಡದ ಅಂಚಿನ ತೂತಿಗೆ ಸಡಿಲವಾಗಿ ಕಟ್ಟಬೇಕು. ನೀರು ಹಾಕುವ ಮುಂಚಿನ ಹೊತ್ತು ಒಳ್ಳೆಯದು. ಆಗ ಕಾಂಡ ತುಸು ಸಡಿಲವಾಗಿರುತ್ತದೆ, ನೀರು ಕುಡಿದು ಬಿಗಿದ ಕಾಂಡ ಪಟಕ್ಕನೆ ಸೀಳುತ್ತದೆ. ಒಂದೇ ದಿನ ನೆಲಕ್ಕೆ ತಾಗಿಸುವ ಆತುರ ಬೇಡ, ದಿನಕ್ಕಿಷ್ಟು ಎಂದು ಎಳೆದರೆ ಸಾಕು. ಮಾರನೆಯ ದಿನಕ್ಕೆಲ್ಲ ಎಲೆಗಳು ದೀಪದತ್ತ ತಿರುಗಿರುತ್ತವೆ. ತುದಿಯ ಯಜಮಾನಿಕೆ ತಗ್ಗಿ, ಅಡ್ಡಲಾದ ಕಾಂಡದ ಗಿಣ್ಣುಗಳಿಂದ ಚಿಗುರು ಸಾಲಾಗಿ ಮೇಲೇಳುತ್ತವೆ. ಕವಲುಗಳೆಲ್ಲ ಒಂದೇ ಎತ್ತರದಲ್ಲಿ ಹರಡಿಕೊಂಡಾಗ ದೀಪವನ್ನು ಕೆಳಗಿಳಿಸಬಹುದು, ಪ್ರತಿ ಮೊಗ್ಗಿಗೂ ಬೆಳಕು ಸಮವಾಗಿ ಸಿಗುತ್ತದೆ. ಚಿವುಟಿದ ಗಿಡಕ್ಕಿಂತ ಇದು ಬೇಗ ಹೂಬಿಟ್ಟಿತು, ಮುಟ್ಟದೆ ಬಿಟ್ಟ ಗಿಡಕ್ಕಿಂತ ಸ್ವಲ್ಪವೇ ತಡ. ಕಾಯಿಯ ಒಟ್ಟು ತೂಕದಲ್ಲಿ ಎರಡನ್ನೂ ಹಿಂದೆ ಹಾಕಿತು.

ಇದು ಸೋಮಾರಿಗಳ ಕೆಲಸವಲ್ಲ ಎನ್ನುವುದೂ ನಿಜ. ಗಂಟುಗಳನ್ನು ಆಗಾಗ ಬಿಚ್ಚಿ ಮುಂದೆ ಸರಿಸಬೇಕು, ಇಲ್ಲದಿದ್ದರೆ ದಪ್ಪವಾಗುವ ಕಾಂಡಕ್ಕೆ ಕೊರೆಯುತ್ತವೆ. ಕವಲಿನ ಸಂದಿ ಮೆಣಸಿನ ಅತಿ ದುರ್ಬಲ ಜಾಗ, ಅಲ್ಲಿಂದ ಎಳೆಯಬಾರದು, ಸಂದಿಯಿಂದ ಒಂದೆರಡು ಗಿಣ್ಣು ಆಚೆ ಕಟ್ಟಬೇಕು. ಸಿಪ್ಪೆ ಸೀಳಿದರೂ ಪೂರ್ತಿ ಮುರಿಯದಿದ್ದರೆ ಟೇಪು ಸುತ್ತಿ ಆಸರೆ ಕೊಟ್ಟರೆ ಕೂಡಿಕೊಳ್ಳುತ್ತದೆ. ಕಾಂಡ ಕಟ್ಟಿಗೆಯಾದ ಮೇಲೆ ಈ ದಾರಿ ಮುಚ್ಚಿತು. ತಳಿಯನ್ನೂ ನೋಡಬೇಕು. ನೆಟ್ಟಗೆ ಏರುವ ಸೂಜಿಮೆಣಸಿಗೆ ಇದರಿಂದ ಲಾಭ ಹೆಚ್ಚು, ತಾನಾಗಿಯೇ ಪೊದೆಯಾಗಿ ಹರಡುವ ಹಬನೇರೊ ಜಾತಿಗೆ ಕಡಿಮೆ.

ಎಲೆ ಬೋಳಿಸುವುದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಮಣ್ಣು ತಾಗುವ ಎಲೆ, ಮೊದಲ ಕವಲಿನ ಕೆಳಗೆ ಏಳುವ ಸಪೂರ ಚಿಗುರು ತೆಗೆದರೆ ಗಾಳಿಯಾಡುತ್ತದೆ. ಅಗಲ ಎಲೆಗಳು ಕಾಯಿಗೆ ನೆರಳು ಹಾಕುತ್ತವೆಂದು ಅವನ್ನೂ ಕೀಳುವವರಿದ್ದಾರೆ. ನನ್ನ ಗಿಡದಲ್ಲಿ ಅದರಿಂದ ಕಾಯಿ ಹೆಚ್ಚಲಿಲ್ಲ, ಸಣ್ಣದಾದವು. ಕಾಯಿಗೆ ಉಣಿಸುವುದೇ ಆ ಎಲೆ.

ಒಂದು ಬೆಳೆ ಮುಗಿದ ಗಿಡವನ್ನು ಬುಡಕ್ಕೆ ಸವರುವುದು ಬೇರೆಯದೇ ಲೆಕ್ಕ. ಮೆಣಸು ಬಹುವಾರ್ಷಿಕ. ಮೊದಲ ಕವಲಿನ ಮೇಲೆ ಒಂದೆರಡು ಗಿಣ್ಣು ಉಳಿಸಿ ಉಳಿದದ್ದನ್ನು ತೆಗೆದರೆ ಹಳೆಯ ಬೇರಿನ ಬಲದಲ್ಲಿ ಹೊಸ ಚಿಗುರು ನುಗ್ಗಿಬರುತ್ತದೆ. ಬೀಜದಿಂದ ಹೂವಿಗೆ ಎರಡು ಮೂರು ತಿಂಗಳು ಹಿಡಿಯುವಲ್ಲಿ ಬೊಡ್ಡೆಯಿಂದ ಅದಕ್ಕಿಂತ ಬಹಳ ಬೇಗ ಹೂವು ಕಾಣಬಹುದು. ಹೇನು, ನುಸಿ ಹತ್ತಿದ್ದರೆ ಎಲೆಗಳ ಜೊತೆಗೇ ಬಹುಪಾಲು ತೊಲಗುತ್ತವೆ. ಆದರೆ ಎಲೆಯಲ್ಲಿ ಹಳದಿ ಹಸಿರು ಮಚ್ಚೆ ಮುರುಟು ಕಂಡಿದ್ದರೆ ಆ ಬೊಡ್ಡೆಯನ್ನು ಉಳಿಸಬೇಡಿ. ನಂಜು ಕಾಂಡದಲ್ಲೇ ಇರುತ್ತದೆ, ಹೊಸ ಚಿಗುರಿಗೂ ಏರುತ್ತದೆ.

ಈಗ ಹೊಸ ಸಸಿಗಳಿಗೆ ನಾನು ಮಾಡುವುದು ಇಷ್ಟು. ಕಾಯಿ ಬೇಗ ಬೇಕೆಂದರೆ ಚಿವುಟದೆ ನೇರ ಬಗ್ಗಿಸುತ್ತೇನೆ. ದೀಪ ಅಗಲವಾಗಿದ್ದು, ಒಂದೇ ಗಿಡ ಅದರ ಕೆಳಗೆಲ್ಲ ಹರಡಬೇಕಿದ್ದರೆ ಸಸಿಯಲ್ಲಿ ಒಮ್ಮೆ ಮಾತ್ರ ಚಿವುಟಿ, ಎದ್ದ ಚಿಗುರುಗಳನ್ನು ನಾಲ್ಕೂ ದಿಕ್ಕಿಗೆ ಎಳೆದು ಕಟ್ಟುತ್ತೇನೆ. ಹೂ ಬಂದಾಗ ದಿನಕ್ಕೊಮ್ಮೆ ಕವಲುಗಳನ್ನು ಬೆರಳಿನಿಂದ ತಟ್ಟುತ್ತೇನೆ, ಮನೆಯೊಳಗೆ ಗಾಳಿಯೂ ಜೇನೂ ಇಲ್ಲದ್ದರಿಂದ ಪರಾಗ ಉದುರಿಸುವ ಕೆಲಸ ನಮ್ಮದೇ. ದೀಪ ಇಳಿಸುವಾಗ ಕುಡಿಯ ಮಟ್ಟದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೂವು ಕಚ್ಚದೆ ಉದುರುತ್ತವೆ, ಆಗ ದೀಪವನ್ನು ಒಂದೆರಡು ಬೆರಳು ಮೇಲಕ್ಕೆ ಎತ್ತಿ.