ಶಿರಸಿ ಪೇಟೆಯಲ್ಲಿ ತಲೆಗೆ ಸಿಟಿ ಸ್ಕ್ಯಾನ್ ಮಾಡಿಸುವವರಿಗೆ

ಈ ಸೆಂಟರ್‌ಗೆ ನನ್ನಿಂದ ಐದಕ್ಕೆ ನಾಲ್ಕು ಸ್ಟಾರ್. ಮಳೆಗಾಲದಲ್ಲಿ ಅಂಗಳದ ಪಾಚಿ ಮೇಲೆ ಜಾರಿ ಬಿದ್ದಿದ್ದ ನಮ್ಮ ಆಯಿಗೆ ಆಮೇಲೆ ಮರೆವು, ಸುಮ್‌ಸುಮ್ನೆ ಸಿಟ್ಟು ಶುರುವಾಗಿತ್ತು. ಮನಸ್ಸಿಗೇನೋ ಆಗಿದೆ ಅಂದವರೇ ಜಾಸ್ತಿ. ಡಾಕ್ಟರ್ ಮಾತ್ರ ಮೊದಲು ಸಿಟಿ ಅಂದರು. ವಯಸ್ಸಾದವರಿಗೆ ಸಣ್ಣ ಪೆಟ್ಟಾದರೂ ತಲೆಯೊಳಗೆ ವಾರಗಟ್ಟಲೆ ನಿಧಾನಕ್ಕೆ ರಕ್ತ ತುಂಬಿಕೊಳ್ಳಬಹುದು, ಸಿಟಿಯಲ್ಲಿ ಅದು ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಇಲ್ಲಿನ ಹುಡುಗ ಆಯಿಯ ತಲೆಪಿನ್ನು, ಬೆಂಡೋಲೆ ಎಲ್ಲ ಮೆಲ್ಲಗೆ ಬಿಚ್ಚಿಸಿ, "ಅಮ್ಮಾ, ತಲೆ ಅಲ್ಲಾಡಿಸಬೇಡಿ, ಈಗ ಮುಗೀತು" ಅಂತ ಹೇಳುತ್ತಲೇ ಇದ್ದ. ರಕ್ತ ಕಂಡ ಕೂಡಲೇ, ರಿಪೋರ್ಟ್ ಟೈಪಾಗುವವರೆಗೂ ಕಾಯದೆ, ಡಾಕ್ಟರಿಗೆ ಫೋನ್ ಮಾಡಿದರು. ಇದಕ್ಕಿಂತ ಇನ್ನೇನು ಬೇಕು?

ಎಂಆರ್‌ಐ ದುಬಾರಿ, ಹಾಗಾಗಿ ಅದೇ ಒಳ್ಳೆಯದು ಅನ್ನುವವರಿದ್ದಾರೆ. ಸಣ್ಣ ಗಡ್ಡೆ, ಮೂರ್ಛೆರೋಗದ ಮೂಲ ಹುಡುಕಲು ಅದು ನಿಜಕ್ಕೂ ಮೇಲು, ಎಕ್ಸ್‌ರೇ ವಿಕಿರಣವೂ ಇಲ್ಲ. ಆದರೆ ಅಷ್ಟು ಸದ್ದಿನ ನಡುವೆ ಅರ್ಧ ಗಂಟೆ ಅಲ್ಲಾಡದೆ ಮಲಗಬೇಕು, ಗಲಿಬಿಲಿಯಲ್ಲಿರುವವರಿಗೆ ಅದು ಕಷ್ಟ ಅಲ್ವಾ? ಹೃದಯದ ಬಡಿತ ಸರಿಯಿಡಲು ಎದೆಯೊಳಗೆ ಕೂರಿಸುವ ಪೇಸ್‌ಮೇಕರ್ ಇದ್ದರೆ ಎಂಆರ್‌ಐಗೆ ಮೊದಲೇ ಹೇಳಿ. ಫಿಟ್ಸ್ ಅನುಮಾನಕ್ಕೆ ಇಇಜಿ ಬೇಕಾಗುತ್ತದೆ, ಅದರಲ್ಲಿ ಬರುವುದು ಮೆದುಳಿನ ಚಿತ್ರ ಅಲ್ಲ, ವಿದ್ಯುತ್ತಿನ ಗೆರೆಗಳು. ಖಿನ್ನತೆ, ಆತಂಕವನ್ನು ಮಾತ್ರ ಯಾವ ಸ್ಕ್ಯಾನ್ ನೋಡಿಯೂ ಹೇಳಲಾಗುವುದಿಲ್ಲ, ಮಾತಾಡಿಸಿಯೇ ಗುರುತಿಸಬೇಕು. ಸ್ಕ್ಯಾನ್ ನಾರ್ಮಲ್ ಬಂತು ಅಂತ ಅಂಥವರನ್ನು ದಯವಿಟ್ಟು ಹಾಗೇ ಮನೆಯಲ್ಲಿ ಕೂರಿಸಬೇಡಿ, ಮನೋವೈದ್ಯರಿಗೆ ತೋರಿಸಿ.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಸ್ಕ್ಯಾನ್ ಚಿತ್ರಗಳಿರುವ ಸಿಡಿ ವಿಷಯಕ್ಕೆ. ಕೇಳಿದರೆ ಮಾತ್ರ ಕೊಡುತ್ತಾರೆ. ಮುಂದೆ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗುವವರು ಮರೆಯದೆ ಕೇಳಿ ತಗೊಳ್ಳಿ.