ನಿದ್ದೆಗೆ ಹೋದ ಡಿಸ್ಕ್ ಏಳಲಿಲ್ಲ: ಲಿನಕ್ಸ್‌ನಲ್ಲಿ ನಾಲ್ಕು ಮದ್ದು ಹಾಕಿ ನೋಡಿದೆ

ರಾತ್ರಿ ನಿದ್ದೆಗೆ (ಸಸ್ಪೆಂಡ್) ಕಳಿಸಿದ ಲ್ಯಾಪ್‌ಟಾಪ್‌ನ ಮುಚ್ಚಳ ಬೆಳಿಗ್ಗೆ ತೆರೆದರೆ ಮೌಸ್ ಓಡಾಡುತ್ತದೆ, ಗಡಿಯಾರ ನಡೆಯುತ್ತದೆ. ಆದರೆ ಏನು ಒತ್ತಿದರೂ ಮಿಸುಕುವುದಿಲ್ಲ. ಟರ್ಮಿನಲ್‌ನಲ್ಲಿ ಯಾವ ಕಮಾಂಡ್ ಕೊಟ್ಟರೂ ‘ಇನ್‌ಪುಟ್/ಔಟ್‌ಪುಟ್ ಎರರ್’. ಎರಡು ತಿಂಗಳು ಸುಮ್ನೆ ಗ್ರಾಫಿಕ್ಸ್ ಡ್ರೈವರನ್ನು ಬೈದುಕೊಂಡೆ. ಮೌಸ್ ಓಡುತ್ತಿದೆ ಅಂದರೆ ಕರ್ನಲ್ (ಲಿನಕ್ಸ್‌ನ ತಿರುಳು) ಬದುಕಿದೆ, ಸತ್ತಿರುವುದು ಡಿಸ್ಕ್ ಅಂತ ಹೊಳೆಯಲೇ ಇಲ್ಲ.

ಲಾಗ್ ನೋಡೋಣ ಅಂದರೆ ಅದನ್ನು ಬರೆಯಬೇಕಾದ್ದೂ ಆ ಡಿಸ್ಕ್ ಮೇಲೆಯೇ! ಹಿಂದಿನ ಬೂಟ್‌ನ ಜರ್ನಲ್ ನಿದ್ದೆಗೆ ಜಾರಿದಲ್ಲಿಗೆ ನಿಂತಿರುತ್ತದೆ. ಕೊನೆಗೆ ಕರ್ನಲ್ ಸಂದೇಶಗಳು ಓಡುವ ಒಂದು ಟರ್ಮಿನಲ್ ತೆರೆದಿಟ್ಟೇ ಮಲಗಿಸಿದೆ. ಎದ್ದ ಮೇಲೆ ಕಂಡಿತು: ಎನ್‌ವಿಎಂಇ (ನನ್ನ ಎಸ್‌ಎಸ್‌ಡಿ ಡಿಸ್ಕ್‌ನ ಬಗೆ) ಕಂಟ್ರೋಲರ್ ಡೌನ್, ಸ್ಟೇಟಸ್ ಜಾಗದಲ್ಲಿ ಬರೀ ಎಫ್‌ಗಳು. ಹಾಗೆ ಎಲ್ಲಾ ಎಫ್ ಬಂದರೆ ಡಿಸ್ಕ್ ತನ್ನನ್ನು ಮೆಷಿನ್‌ಗೆ ಜೋಡಿಸುವ ಪಿಸಿಐ ಬಸ್‌ನಲ್ಲೇ ಉತ್ತರ ಕೊಡುತ್ತಿಲ್ಲ ಅಂತ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದೆ. ಹೇಳಿದ ಹೊತ್ತಿಗೆ ಮೆಷಿನ್ ಎಬ್ಬಿಸುವ ‘ಆರ್‌ಟಿಸಿ ವೇಕ್’ ಕಮಾಂಡ್‌ನಿಂದ ಒಂದೊಂದು ನಿಮಿಷದ 30 ನಿದ್ದೆ, ಆಮೇಲೆ ಒಂದು ಇಡೀ ರಾತ್ರಿ. ಮೊದಲಿನ ಸ್ಥಿತಿಯಲ್ಲಿ ಹತ್ತು ನಿದ್ದೆಯೊಳಗೆ ಒಮ್ಮೆಯಾದರೂ ಕೈ ಕೊಡುತ್ತಿತ್ತು.

ಎಲ್ಲರೂ ಮೊದಲು ಹೇಳುವ ಮದ್ದು ಎಪಿಎಸ್‌ಟಿ ಲೇಟೆನ್ಸಿ (ಎಚ್ಚರವಾಗಲು ತಗಲುವ ಸಮಯ) ಮಿತಿಯನ್ನು ಸೊನ್ನೆ ಮಾಡುವುದು. ಕೆಲಸವಿಲ್ಲದಾಗ ಡಿಸ್ಕ್ ತಾನಾಗಿಯೇ ಕಡಿಮೆ ಕರೆಂಟಿನ ಸ್ಥಿತಿಗೆ ಇಳಿಯುವ ಏರ್ಪಾಡೇ ಎಪಿಎಸ್‌ಟಿ, 2017ರ 4.11 ಕರ್ನಲ್‌ನಿಂದ ಲಿನಕ್ಸ್‌ನಲ್ಲಿದೆ. ಮಿತಿ ಸೊನ್ನೆ ಅಂದರೆ ಅದು ಬಂದ್. ಸೊನ್ನೆ ಹಾಕಿದೆ, ಆರನೇ ನಿದ್ದೆಗೇ ಡಿಸ್ಕ್ ಹೋಯಿತು. 5500 ಮೈಕ್ರೋಸೆಕೆಂಡ್ ಹಾಕಿದೆ, ಅದೇ ಕಥೆ. ಯಾಕೆ ಅಂತ ಹುಡುಕಿದಾಗ ಗೊತ್ತಾಯಿತು: ಎಸ್2ಐಡಲ್ ಅನ್ನೋ ಹೊಸ ಬಗೆಯ ನಿದ್ದೆಯಲ್ಲಿ, 2019ರ 5.3 ಕರ್ನಲ್‌ನಿಂದೀಚೆಗೆ, ಡ್ರೈವರ್ ತಾನೇ ಡಿಸ್ಕನ್ನು ಅತಿ ಆಳದ ಸ್ಥಿತಿಗೆ ತಳ್ಳುತ್ತದೆ. ನಾವು ಹಾಕಿದ ಮಿತಿಯನ್ನು ಅಲ್ಲಿ ಕೇಳುವವರೇ ಇಲ್ಲ. ಕೆಲಸದ ನಡುವೆ ಡಿಸ್ಕ್ ಮಾಯವಾಗುವವರಿಗೆ ಈ ಮದ್ದು ಸರಿ. ನಿದ್ದೆಯ ಕಾಯಿಲೆಗಲ್ಲ.

ಎರಡನೆಯದು ‘ಡೀಪ್’ ನಿದ್ದೆ, ಅಂದರೆ ಹಳೆಯ ಎಸ್3. ಇಲ್ಲಿ ಡ್ರೈವರ್ ಡಿಸ್ಕನ್ನು ಪೂರ್ತಿ ಆಫ್ ಮಾಡಿ, ಎದ್ದಾಗ ಹೊಸದಾಗಿ ಶುರು ಮಾಡುತ್ತದೆ. 30ಕ್ಕೆ 30 ಪಾಸ್. ರಾತ್ರಿಯಿಡೀ ಬ್ಯಾಟರಿ ಇಳಿದದ್ದು ಶೇ 3 ಮಾತ್ರ. ಖುಷಿಯಾಯಿತು, ಆದರೆ ಎದ್ದ ಮೇಲೆ ಟಚ್‌ಪ್ಯಾಡ್ ಸತ್ತಿರುತ್ತಿತ್ತು. ಒಂದು ಕೊಟ್ಟು ಇನ್ನೊಂದು ಕಿತ್ತುಕೊಂಡ ಹಾಗೆ. ಅಂದಹಾಗೆ, ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ (ಮೆಷಿನ್ ಶುರುವಾದಾಗ ಮೊದಲು ಓಡುವ ತಂತ್ರಾಂಶ) ಎಸ್3 ಇರುವುದೇ ಇಲ್ಲ. ಅಂಥ ಕಡೆ ಈ ದಾರಿ ಮೊದಲೇ ಬಂದ್.

ಮೂರನೆಯದು ಶುರುವಲ್ಲೇ ಕರ್ನಲ್‌ಗೆ ಸೂಚನೆ ಕೊಡುವ ಬೂಟ್ ಸಾಲಿನಲ್ಲಿ ‘ಪಿಸಿಐಇ ಎಎಸ್‌ಪಿಎಂ ಆಫ್’. ಎಎಸ್‌ಪಿಎಂ ಅಂದರೆ ಕೆಲಸವಿಲ್ಲದಾಗ ಪಿಸಿಐ ಲಿಂಕನ್ನೇ ಮಲಗಿಸುವ ಏರ್ಪಾಡು. ಈ ಮದ್ದೂ 30ಕ್ಕೆ 30. ಇದರಲ್ಲೊಂದು ತಮಾಷೆ ಇದೆ. ಹೆಸರು ಆಫ್ ಅಂತಿದ್ದರೂ ಅದು ನಿಜವಾಗಿ ಹೇಳುವುದು ‘ಬಯಾಸ್ ಏನು ಮಾಡಿಟ್ಟಿದೆಯೋ ಅದನ್ನು ಮುಟ್ಟಬೇಡ’ ಅಂತ. ಹಾಗಾದರೆ ವಾಸಿಯಾಗಿದ್ದು ಹೇಗೆ? ಕರ್ನಲ್ ಲೆಕ್ಕದಲ್ಲಿ ಎಎಸ್‌ಪಿಎಂ ಇಲ್ಲ ಅಂತಾದರೆ, ಎನ್‌ವಿಎಂಇ ಡ್ರೈವರ್ ಆ ಆಳದ ಸ್ಥಿತಿಯ ಸಹವಾಸಕ್ಕೇ ಹೋಗದೆ ಡಿಸ್ಕನ್ನು ನೇರವಾಗಿ ಆಫ್ ಮಾಡುತ್ತದೆ. ಡೀಪ್ ನಿದ್ದೆಯಲ್ಲಿ ಆಗುವ ಕೆಲಸವೇ, ಬಳಸು ದಾರಿಯಲ್ಲಿ. ಆದರೆ ಈ ಸ್ವಿಚ್ ಇಡೀ ಮೆಷಿನ್‌ಗೆ. ವೈಫೈ ಕಾರ್ಡ್ ಲಿಂಕನ್ನೂ ಕರ್ನಲ್ ಕೈಬಿಡುತ್ತದೆ. ಒಂದು ರಾತ್ರಿಗೆ ಶೇ 21 ಬ್ಯಾಟರಿ ಹೋಯಿತು. ಜಾಸ್ತಿ ಆಯ್ತು ಅಲ್ವಾ?

ಆಗ ಯೋಚನೆ ಬಂತು, ಆ ಒಂದು ಡಿಸ್ಕ್‌ಗೆ ಮಾತ್ರ ಹೀಗೆ ಮಾಡಿದರೆ? ಕರ್ನಲ್ ತನ್ನ ಸೆಟ್ಟಿಂಗ್‌ಗಳನ್ನು ಫೈಲ್‌ಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಡಿಸ್ಕ್‌ನ ಪಿಸಿಐ ನಂಬರಿನ ಫೋಲ್ಡರ್ ಒಳಗೆ ‘ಲಿಂಕ್’ ಅಂತ ಇನ್ನೊಂದು ಫೋಲ್ಡರ್ ಇದೆ. ಅದರಲ್ಲಿನ ‘ಎಲ್1 ಎಎಸ್‌ಪಿಎಂ’ ಫೈಲ್‌ಗೆ ಸೊನ್ನೆ ಬರೆದೆ. ಅಷ್ಟೇ. 30 ನಿದ್ದೆ ಪಾಸ್, ಟಚ್‌ಪ್ಯಾಡ್ ಸುಖವಾಗಿದೆ, ರಾತ್ರಿಗೆ ಶೇ 9. ಡೀಪ್‌ನಷ್ಟು ಉಳಿತಾಯವಿಲ್ಲ ನಿಜ. ಎಚ್ಚರವಾಗಿದ್ದಾಗಲೂ ಡಿಸ್ಕ್‌ನ ಲಿಂಕ್ ಮಲಗುವುದಿಲ್ಲ, ಅದರ ಕರೆಂಟ್ ಖರ್ಚು ಬೇರೆ. ನನಗೆ ಈ ವ್ಯಾಪಾರ ಒಪ್ಪಿಗೆ.

ಡಿಸ್ಕ್‌ನ ಫರ್ಮ್‌ವೇರ್ ಅಪ್‌ಡೇಟ್ ಇದ್ದರೆ ಇದೆಲ್ಲಕ್ಕಿಂತ ಮೊದಲು ಅದನ್ನೇ ಹಾಕಿ. ನನ್ನದಕ್ಕೆ ಇರಲಿಲ್ಲ.

ಕೊನೆಯ ಮದ್ದಿನಲ್ಲಿ ಎರಡು ಕಿರಿಕಿರಿ. ಬರೆದ ಸೊನ್ನೆ ರೀಬೂಟ್ ಆದರೆ ಅಳಿಸಿಹೋಗುತ್ತದೆ, ಅದಕ್ಕೆ ಬೂಟ್ ಸಮಯದಲ್ಲಿ ಓಡುವ ಒಂದು ಪುಟ್ಟ ಸಿಸ್ಟಮ್‌ಡಿ ಸರ್ವಿಸ್ ಬರೆದಿಟ್ಟೆ. ಇನ್ನು ಎಎಸ್‌ಪಿಎಂ ಹಿಡಿತವನ್ನು ಬಯಾಸ್ ಬಿಟ್ಟುಕೊಡದ ಮೆಷಿನ್‌ಗಳಲ್ಲಿ ಆ ಫೈಲ್ ಕಾಣಿಸುವುದೇ ಇಲ್ಲ. ನಿಮ್ಮದು ಹಾಗಿದ್ದು ಎಸ್3 ಇದ್ದರೆ ಡೀಪ್ ನಿದ್ದೆಗೇ ಹೋಗಿ, ಒಂದು ಯುಎಸ್‌ಬಿ ಮೌಸ್ ಜೊತೆಗಿಟ್ಟುಕೊಳ್ಳಿ.